ಥರ್ಮೋಕೋಲ್ ಅಂತಸ್ತಿನ ಬೆಲೆ

ಥರ್ಮೋಕೋಲನ್ನು ಕೆ.ಜಿ. ಲೆಕ್ಕದಲ್ಲಿ ಮಾರುವ ಮನುಷ್ಯನನ್ನು ನೀವು ಕಂಡಿರಲಾರಿರಿ. ನಾನು ಅಂಥವರೊಬ್ಬರ ಕೈಕೆಳಗೆ ಕೆಲಸ ಮಾಡಿದ್ದೇನೆ. ನಂಜನಗೂಡಿನ ಬಸ್ ಸ್ಟ್ಯಾಂಡಿಗೆ ಹತ್ತಿರದ ಬೇಕರಿ ಅದು. ಮುಂದೆ ಗಾಜಿನ ಪೆಟ್ಟಿಗೆಯಲ್ಲಿ ಬನ್ನು, ಪಫ್ಸು, ಬೆಣ್ಣೆ ಬಿಸ್ಕತ್ತು. ಹಿಂದೆ ಒಲೆಯ ಕೋಣೆ. ಅದರ ಪಕ್ಕದಲ್ಲಿ ಕಿಟಕಿಯಿಲ್ಲದ ಸಣ್ಣ ರೂಮು. ಆ ರೂಮಿನಲ್ಲಿ ಕೂತು ಕೇಕಿಗೆ ಐಸಿಂಗ್ ಮಾಡುವುದು ನನ್ನ ಕೆಲಸ. ಹುಟ್ಟುಹಬ್ಬದ ಕೇಕಿಗೆ ಗುಲಾಬಿ ಕೂರಿಸಿ ಮಗುವಿನ ಹೆಸರು ಬರೆದು ಕಳಿಸುವುದಷ್ಟೇ ಆಗಿದ್ದರೆ ಹೇಳಿಕೊಳ್ಳುವಂಥದ್ದೇನೂ ಇರುತ್ತಿರಲಿಲ್ಲ.

ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷವಾಗಿತ್ತು. ಅಲ್ಲಿಯವರೆಗೆ ನಮ್ಮ ಕಡೆ ಆರತಕ್ಷತೆಯೆಂದರೆ ಆರ್ಕೆಸ್ಟ್ರಾ, ಹೂವಿನ ಸ್ಟೇಜು, ಕೈಯಲ್ಲಿ ಕವರು ಹಿಡಿದು ನಿಂತವರ ಸಾಲು. ಮೈಸೂರಿನ ಯಾವುದೋ ಛತ್ರದಲ್ಲಿ ಯಾರೋ ಕೇಕು ಕತ್ತರಿಸಿದ್ದನ್ನು ಯಾರೋ ನೋಡಿ ಬಂದರು. ಆಮೇಲೆ ಕೈಯಲ್ಲಿ ನಾಲ್ಕು ಕಾಸು ಆಡುವ ಪ್ರತಿಯೊಬ್ಬ ಹೆಣ್ಣು ಹೆತ್ತವನಿಗೂ ಸ್ಟೆಪ್ ಕೇಕ್ ಬೇಕಾಯಿತು. ತಿನ್ನುವ ಆಸೆಯಿಂದಲ್ಲ. ಎಲೆಯ ಮೇಲೆ ಹೋಳಿಗೆ ತುಪ್ಪ ಬೀಳುವ ಹೊತ್ತಿನಲ್ಲಿ ಕೇಕು ಯಾರಿಗೆ ಬೇಕು? ಅವರಿಗೆ ಬೇಕಾಗಿದ್ದುದು ಎತ್ತರ. ಅಷ್ಟೆತ್ತರದ ನಿಜವಾದ ಕೇಕು ಮಾಡಿದರೆ ದುಡ್ಡೂ ದಂಡ, ಕೇಕೂ ದಂಡ. ಹಾಗಾಗಿ ಎಲ್ಲಕ್ಕಿಂತ ಕೆಳಗಿನ ಅಂತಸ್ತು ಮಾತ್ರ ತಿನ್ನುವ ಕೇಕು. ಅದರ ಮೇಲಿನವೆಲ್ಲ ಐಸಿಂಗ್ ಬಳಿದ ಥರ್ಮೋಕೋಲು. ನಾವು ಅವನ್ನು ಡಮ್ಮಿ ಅನ್ನುತ್ತಿದ್ದೆವು. ನಮ್ಮ ಗಿರಾಕಿಗಳನ್ನು ನೋಡಿ ನೋಡಿ ನನಗೆ ಆ ಮಾತು ಕೇಕಿಗೆ ಮಾತ್ರ ಸಲ್ಲುವಂಥದ್ದಲ್ಲ ಅನ್ನಿಸುತ್ತಿತ್ತು.

ತೊಂದರೆ ಶುರುವಾದದ್ದು ಅದಕ್ಕೆ ಬೆಲೆ ಕಟ್ಟುವಲ್ಲಿ. ನಮ್ಮ ಮಾಲೀಕರ ಲೆಕ್ಕ ಹೀಗೆ: ಆ ಅಂತಸ್ತು ಒಂದು ವೇಳೆ ನಿಜವಾದ ಕೇಕೇ ಆಗಿದ್ದರೆ ಎಷ್ಟು ತೂಗುತ್ತಿತ್ತೋ ಅಷ್ಟು ಕೆ.ಜಿ.ಗೆ ದುಡ್ಡು. ಅದಕ್ಕೊಂದು ಹೆಸರನ್ನೂ ಇಟ್ಟಿದ್ದರು. ‘ಹದಿನೈದು ಕೆ.ಜಿ. ಲುಕ್ಕು’ ಎಂದು ಕಣ್ಣು ಮಿಟುಕಿಸದೆ ಹೇಳುತ್ತಿದ್ದರು. ಗಿರಾಕಿಯ ಲೆಕ್ಕ ಬೇರೆ. ಫ್ಯಾನ್ಸಿ ಅಂಗಡಿಯಲ್ಲಿ ಥರ್ಮೋಕೋಲ್ ಹಾಳೆಗೆ ಎಷ್ಟೋ ಅಷ್ಟೇ ಕೊಡುತ್ತೇನೆ ಅನ್ನುವುದು. ಇವರಿಬ್ಬರೂ ಎಳೆದಾಡಿ ನಡುವೆ ಎಲ್ಲೋ ಒಂದು ಕಡೆ ನಿಲ್ಲುತ್ತಿದ್ದರು. ಆ ಎಳೆದಾಟದಲ್ಲಿ ನನ್ನ ಕೈಕೆಲಸ ಎನ್ನುವುದು ಒಮ್ಮೆಯೂ ಬಾಯಿಗೆ ಬರುತ್ತಿರಲಿಲ್ಲ.

ನಿಜವಾದ ಕೇಕಿಗಿಂತ ಡಮ್ಮಿಯ ಕೆಲಸ ಕಷ್ಟ ಎಂದು ಹೇಳಿದರೆ ಇಬ್ಬರೂ ನಗುತ್ತಿದ್ದರು. ಕೇಕು ಕ್ಷಮಿಸುತ್ತದೆ. ಐಸಿಂಗ್ ಸ್ವಲ್ಪ ತೆಳುವಾದರೆ ಹೀರಿಕೊಳ್ಳುತ್ತದೆ, ಗೆರೆ ಸೊಟ್ಟಗಾದರೆ ಅರ್ಧ ಗಂಟೆಯಲ್ಲಿ ಯಾರದೋ ಹೊಟ್ಟೆ ಸೇರುತ್ತದೆ. ಥರ್ಮೋಕೋಲು ಏನನ್ನೂ ಹೀರುವುದಿಲ್ಲ, ಏನನ್ನೂ ಮರೆಮಾಚುವುದಿಲ್ಲ. ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ, ಕಾದ ತಂತಿಯಲ್ಲಿ ಗುಂಡಗೆ ಕತ್ತರಿಸಿ, ಅಂಚನ್ನು ಉಪ್ಪುಕಾಗದದಲ್ಲಿ ಉಜ್ಜಬೇಕು. ಉಜ್ಜುವಾಗ ಹಾರುವ ಕಾಳು ಕೈಗೆ, ಕೂದಲಿಗೆ, ಮೂಗಿಗೆ ಅಂಟಿಕೊಂಡು ದಿನವಿಡೀ ಬಿಡುವುದಿಲ್ಲ. ವನಸ್ಪತಿಯ ಕ್ರೀಮು ಬಳಿದರೆ ವೀಡಿಯೊದವರ ದೀಪದ ಕಾವಿಗೆ ಇಳಿದುಬರುತ್ತದೆ. ಐಸಿಂಗ್ ಸಕ್ಕರೆಗೆ ಮೊಟ್ಟೆಯ ಬಿಳಿ ಹಾಕಿ ಬಳಿದರೆ ಕಲ್ಲಿನಂತಾಗುತ್ತದೆ. ಆದರೆ ಛತ್ರದೊಳಗೆ ಮೊಟ್ಟೆ ಬರುವಂತಿಲ್ಲ, ಯಾರೂ ತಿನ್ನದ ಥರ್ಮೋಕೋಲಿನ ಮೇಲೆ ಕೂಡ. ಕೊನೆಗೆ ನಾನು ಬಾಣಂತಿಯರ ಅಂಟಿನುಂಡೆಗೆ ಹಾಕುವ ಅಂಟನ್ನು ನೆನೆಸಿ, ಸೋಸಿ, ಸಕ್ಕರೆಗೆ ಕಲಸುವುದನ್ನು ಕಂಡುಕೊಂಡೆ. ತೆಳ್ಳಗೆ ಮೂರು ಸಲ ಬಳಿಯಬೇಕು. ಒಂದು ಒಣಗಿದ ಮೇಲೆ ಇನ್ನೊಂದು. ಬಿಸಿಲಿಗಿಟ್ಟರೆ ಬಿರಿಯುತ್ತದೆ, ಫ್ಯಾನಿನ ಕೆಳಗೇ ಒಣಗಬೇಕು. ಕರೆಂಟು ಹೋದರೆ ಕಾಯಬೇಕು. ಅಷ್ಟರಲ್ಲಿ ಇರುವೆ ಬರುತ್ತದೆ. ಅದಕ್ಕೆ ನೀರು ತುಂಬಿದ ತಟ್ಟೆಗಳ ನಡುವೆ ಅವನ್ನು ಕೂರಿಸಬೇಕು. ಇದೆಲ್ಲ ‘ಲುಕ್ಕಿ’ನೊಳಗೆ ಬರುತ್ತಿತ್ತು.

ಆ ಬೇಸಿಗೆಯಲ್ಲಿ ನಂಜನಗೂಡಿನ ಕಂಟ್ರಾಕ್ಟರರೊಬ್ಬರು ಬಂದರು. ರಸ್ತೆ, ಮೋರಿ ಮಾಡಿಸುವವರು. ಮಗಳ ಆರತಕ್ಷತೆಗೆ ಐದು ಸ್ಟೆಪ್ಪು ಬೇಕು.

“ಒಂದು ನಿಜವಾದ್ದು, ನಾಲ್ಕು ಡಮ್ಮಿ,” ಎಂದರು ಮಾಲೀಕರು.

“ಡಮ್ಮಿ ಅನ್ನೋದು ನಂಗೂ ಗೊತ್ತು ಕಣ್ರೀ. ಫೋಟೋದಲ್ಲಿ ಕಾಣ್ಬೇಕು ಅಷ್ಟೇ. ಅದುಕ್ಕೆ ಯಾಕೆ ಕೇಕಿನ ರೇಟು? ಬರೀ ಗಾಳಿ ತುಂಬಿರೋ ಮಾಲು.”

“ಗಾಳಿ ನಿಲ್ಲಿಸೋದು ಸುಲಭ ಅಲ್ಲ ಸಾರ್,” ಎಂದೆ ನಾನು.

ಅವರು ನನ್ನ ಕಡೆ ತಿರುಗಲಿಲ್ಲ. ಜತೆಗೆ ಬಂದಿದ್ದ ಅವರ ಹೆಂಡತಿ ಮಾತ್ರ ಕೈಚೀಲದಿಂದ ರವಿಕೆ ಬಟ್ಟೆಯೊಂದನ್ನು ತೆಗೆದು ನನ್ನ ಮುಂದೆ ಹಾಸಿದರು. ಅಂಚಿನಲ್ಲಿ ಜರಿಯ ಗಿಳಿಗಳ ಸಾಲು. “ನಮ್ಮ ಹುಡ್ಗಿ ಸೀರೆಗೆ ಮ್ಯಾಚಿಂಗ್. ಕೇಕಿನ ಸುತ್ತ ಇದೇ ಗಿಳಿ ಬರ್ಬೇಕು ಕಣಮ್ಮ.” ಗಿಳಿಗೆ ಬೇರೆ ರೇಟು ಎಂದು ಹೇಳೋಣವೆಂದು ಬಾಯಿ ತೆರೆದೆ. ಮಾಲೀಕರು “ಆಯ್ತು, ಅದೇನ್ ಮಹಾ” ಎಂದುಬಿಟ್ಟರು.

ಅದೇನ್ ಮಹಾ ಎಂಬ ಆ ಗಿಳಿಗಳನ್ನು ಬಟರ್ ಪೇಪರಿನ ಕೋನಿನಿಂದ ಒಂದೊಂದಾಗಿ ಬರೆಯಲು ನನಗೆ ವಾರವೇ ಬೇಕಾಯಿತು. ಕೊಕ್ಕು ಕೆಂಪು, ರೆಕ್ಕೆ ಹಸಿರು, ಬಾಲಕ್ಕೆ ಬಂಗಾರದ ಪುಡಿ. ಆರತಕ್ಷತೆಯ ಸಂಜೆ ಗಂಡು ಹೆಣ್ಣು ಕೆಳಗಿನ ಅಂತಸ್ತಿಗೆ ಚಾಕು ಹಾಕಿದರು, ಜನ ಚಪ್ಪಾಳೆ ತಟ್ಟಿದರು, ಊಟಕ್ಕೆ ಎದ್ದರು. ಮದುವೆ ಮುಗಿದ ಮೇಲೆ ನಮ್ಮ ಕಬ್ಬಿಣದ ಸ್ಟ್ಯಾಂಡು ತರಲು ಹೋದರೆ ನನ್ನ ನಾಲ್ಕು ಅಂತಸ್ತುಗಳು ಛತ್ರದ ಹಿಂದೆ ಎಂಜಲೆಲೆಯ ರಾಶಿಯ ಪಕ್ಕ ಬಿದ್ದಿದ್ದವು. ಒಂದರ ಗಿಳಿಗಳನ್ನು ಮೇಕೆಯೊಂದು ನಿಧಾನವಾಗಿ ನೆಕ್ಕುತ್ತಿತ್ತು. ಆ ಮದುವೆಗೆ ಬಂದವರಲ್ಲಿ ನನ್ನ ಕೆಲಸವನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೊಂದೇ ಇರಬೇಕು.

ಎತ್ತಿಕೊಂಡು ಬಂದೆ. ಮಾಲೀಕರಿಗೆ ಖುಷಿಯಾಯಿತು. “ಒಳ್ಳೇದಾಯ್ತು ತಂದಿದ್ದು. ಇನ್ನೊಂದು ಮದ್ವೆಗಾಯ್ತದೆ.”

“ಹಾಗಾದ್ರೆ ಬಾಡಿಗೆ ಅಂತ ಹೇಳಿ ಕೊಡೋಣ ಸಾರ್. ಶಾಮಿಯಾನ, ಕುರ್ಚಿ ಎಲ್ಲ ಬಾಡಿಗೆಗೆ ಬರಲ್ವಾ? ಒಂದು ಸಂಜೆಗೆ ಇಷ್ಟು ಅಂತ.”

“ಬಾಡಿಗೆ ಅಂದ್ರೆ ಯಾರಮ್ಮ ದುಡ್ ಬಿಚ್ತಾರೆ? ಹೊಸದು ಅಂದ್ರೆ ಹೊಸದು. ನೀನು ಬಳಿಯೋದು ಬಳಿ.”

ಮುಂದಿನ ಆರ್ಡರು ತಿ. ನರಸೀಪುರದ್ದು. ಅಕ್ಕಿ ಮಿಲ್ಲಿನವರ ಮನೆ ಮದುವೆ. ಬಂದವರು ಮೊದಲು ಹೇಳಿದ್ದೇ ಇದು: “ನಂಜನಗೂಡಿನ ಕಂಟ್ರಾಕ್ಟರು ನಮ್ ಷಡ್ಡಕರು. ಅವರ ಮಗಳ್ದು ಐದು ಸ್ಟೆಪ್ಪು. ನಮ್ಗೆ ಆರು ಹಾಕಿ.” ಅಕ್ಕನ ಗಂಡನಿಗಿಂತ ತಂಗಿಯ ಗಂಡ ಒಂದು ಅಂತಸ್ತು ಮೇಲೆ ನಿಲ್ಲಬೇಕು; ಬೇಡಿಕೆ ಅಷ್ಟು ಸರಳವಾಗಿತ್ತು. ಅವರ ಹೆಂಡತಿ ಇನ್ನೂ ಸರಳ. “ಅಕ್ಕನ ಮಗಳ ಕೇಕಲ್ಲಿ ಗಿಳಿ ಇತ್ತಲ್ಲ, ಅದೇ ಗಿಳಿ ಇರ್ಲಿ. ಅದ್ಕಿಂತ ಕಮ್ಮಿ ಆಗ್ಬಾರ್ದು.”

ಅದೇ ಗಿಳಿ ಎಂದರೆ ಅದೇ ಗಿಳಿ. ಮಾಲೀಕರು ನನ್ನತ್ತ ನೋಡಿ ಹಲ್ಲು ಕಿರಿದರು. ಹಳೆಯ ನಾಲ್ಕು ಡಮ್ಮಿ, ಅವುಗಳ ಕೆಳಗೆ ಹೊಸದಾಗಿ ಇನ್ನೊಂದು ದೊಡ್ಡ ಡಮ್ಮಿ, ಎಲ್ಲಕ್ಕಿಂತ ಕೆಳಗೆ ನಿಜವಾದ ಕೇಕು. ಬೆಲೆ ಮಾತ್ರ ಆರಕ್ಕೆ ಆರೂ ಹೊಸದು, ಕೆ.ಜಿ. ಲುಕ್ಕಿನ ಲೆಕ್ಕ.

ಹಳೆಯದನ್ನು ಹೊಸದು ಮಾಡುವುದು ಹೊಸದನ್ನು ಮಾಡುವುದಕ್ಕಿಂತ ಹೆಚ್ಚಿನ ಕೆಲಸ. ಮೇಕೆ ನೆಕ್ಕಿದ ಅಂತಸ್ತನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಬರಿ ಥರ್ಮೋಕೋಲಿಗೆ ತಂದು ಮತ್ತೆ ಮೂರು ಕೋಟು ಬಳಿದೆ. ಉಳಿದವುಗಳ ಬಿಳಿ ಹಳದಿಗೆ ತಿರುಗಿತ್ತು. ಗಿಳಿಗಳನ್ನು ಬಿಟ್ಟು ಅವುಗಳ ಸುತ್ತ ಮಾತ್ರ ಸಣ್ಣ ಬ್ರಷ್ಷಿನಲ್ಲಿ ಬಿಳಿ ಎಳೆಯಬೇಕಾಯಿತು. ಎರಡನೆಯ ದಿನ ಮಳೆ ಬಂದು ಗಾಳಿ ಹಸಿಯಾಗಿ ಬಳಿದದ್ದೆಲ್ಲ ಅಂಟಂಟಾಗಿ ಕೂತಿತು. ಎಲ್ಲವನ್ನೂ ಒಲೆಯ ಕೋಣೆಯ ಗೋಡೆಯಾಚೆ ಕಾವು ತಗಲುವಷ್ಟೇ ದೂರದಲ್ಲಿಟ್ಟು ತಿರುಗಿಸುತ್ತ ಕೂತೆ. “ಹಳೇದೇ ಅಲ್ವಾ, ಇಷ್ಟೊತ್ತು ಏನ್ ಮಾಡ್ತಿದ್ದೀಯಾ?” ಎಂದರು ಮಾಲೀಕರು. ಗಿರಾಕಿಯ ಮುಂದೆ ಹೊಸದಾಗಿದ್ದುದು ನನ್ನ ಮುಂದೆ ಹಳೆಯದಾಗುತ್ತಿತ್ತು.

ಆರತಕ್ಷತೆಯ ದಿನ ಮಧ್ಯಾಹ್ನ ವ್ಯಾನಿನಲ್ಲಿ ಹೊರಟೆವು. ಮುಂದೆ ಡ್ರೈವರು, ಅವನ ಪಕ್ಕ ಬಾಕಿ ವಸೂಲಿಗೆಂದು ಹೊರಟ ಮಾಲೀಕರು, ಹಿಂದೆ ಡಮ್ಮಿಗಳ ನಡುವೆ ನಾನು. ಬಿಳಿಗೆರೆ ದಾಟುವವರೆಗೂ ರಸ್ತೆ ಎನ್ನುವುದು ಹೆಸರಿಗಷ್ಟೇ. ಯಾರ ಕಂಟ್ರಾಕ್ಟೋ ಏನೋ. ಪ್ರತಿ ಗುಂಡಿಗೂ ನಿಜವಾದ ಕೇಕನ್ನು ತೊಡೆಯ ಮೇಲೆ ಎತ್ತಿ ಹಿಡಿದುಕೊಂಡೆ. ಛತ್ರ ತಲುಪಿ ಸ್ಟೇಜಿನ ಮೇಲೆ ಜೋಡಿಸಿ, ಬಿರುಕು ಬಿಟ್ಟ ಎರಡು ಕಡೆ ಸಕ್ಕರೆ ಮೆತ್ತಿ ಗುಲಾಬಿ ಕೂರಿಸಿದೆ. ಆರು ಅಂತಸ್ತು ನಿಂತಿತು. ಚೆನ್ನಾಗಿಯೇ ಇತ್ತು. ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಸಂಜೆ ದೀಪ ಹತ್ತಿತು, ಗಂಡು ಹೆಣ್ಣು ಬಂದು ನಿಂತರು. ಕಂಟ್ರಾಕ್ಟರೂ ಬಂದರು. ಕೇಕಿನ ಸುತ್ತ ಒಂದು ಸುತ್ತು ಹಾಕಿದರು. ಎಣಿಸಿದರೆಂದು ಅವರ ತುಟಿ ನೋಡಿದರೆ ಗೊತ್ತಾಗುತ್ತಿತ್ತು. “ನಮ್ದೇ ಚೆನ್ನಾಗಿತ್ತು. ಇದು ಸುಮ್ನೆ ಉದ್ದ ಅಷ್ಟೇ,” ಎಂದರು.

ಪಕ್ಕದಲ್ಲೇ ಕಾಫಿ ಕುಡಿಯುತ್ತ ನಿಂತಿದ್ದ ನಮ್ಮ ವ್ಯಾನಿನ ಡ್ರೈವರು ಅವರನ್ನು ಸಮಾಧಾನ ಮಾಡಲು ಹೋದ. “ಏ, ಇದು ನಿಮ್ದೇ ಅಲ್ವಾ ಸಾ! ಆವತ್ತೂ ನಾನೇ ತಂದಿದ್ದಲ್ವಾ? ಕೆಳುಗ್ಲವು ಎಲ್ಡು ಬುಟ್ಟು ಮಿಕ್ಕಿದ್ದೆಲ್ಲ ನಿಮ್ ಕೇಕೇ ಕಣ್ ಸಾ.”

ಎಲ್ಲರೂ ಒಟ್ಟಿಗೆ ಮಾತಾಡಿದರು.

“ಏನ್ರೀ ಇದು?” ಎಂದು ಕಂಟ್ರಾಕ್ಟರು ನಮ್ಮ ಮಾಲೀಕರ ಮೇಲೆ ಏರಿ ಹೋದರು. “ನಾನ್ ದುಡ್ ಕೊಟ್ ಮಾಡ್ಸಿದ್ ಮಾಲ್ನ ಇವ್ರಿಗೆ ಮಾರಿದ್ದೀರಾ? ನನ್ ದುಡ್ ವಾಪಸ್ ಕೊಡಿ.”

“ಭಾವ, ಸುಮ್ನಿರಿ. ಮೋಸ ಆಗಿರೋದು ನಂಗೆ,” ಎಂದರು ಮಿಲ್ಲಿನವರು. “ನಿಮ್ಮನೆ ಹಳೇ ಮಾಲ್ನ ನನ್ ತಲೆಗೆ ಕಟ್ಟವ್ರೆ. ಒಂದು ಪೈಸೆ ಕೊಡಲ್ಲ ನಾನು.”

ಮಿಲ್ಲಿನವರ ತಾಯಿ, ಮುಂದಿನ ಸಾಲಿನ ಸೋಫಾದಲ್ಲಿ ಕೂತಿದ್ದ ಮುದುಕಿ, ಅಲ್ಲಿಂದಲೇ ಗಂಟಲೆತ್ತಿದರು. “ಅಯ್ಯೋ ಸಿವ್ನೇ, ಇನ್ನೊಬ್ರ ಮದ್ವೆ ಎಂಜ್ಲ ತಂದು ನಮ್ ಉಡ್ಗಿ ಮುಂದ್ಕೆ ಮಡ್ಗವ್ರಲ್ಲಪ್ಪೋ!”

ಯಾರೂ ಬಾಯಿಗಿಡದ ವಸ್ತು ಎಂಜಲಾಗುವುದು ಹೇಗೆ ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ, ಆ ಮೇಕೆಯ ನೆನಪಾಗಿ ಸುಮ್ಮನಾದೆ. ಮಾಲೀಕರು ಏನು ಹೇಳುತ್ತಾರೋ ಎಂದು ಅವರ ಮುಖ ನೋಡಿದೆ. ಅವರು ಕರ್ಚೀಫಿನಲ್ಲಿ ಕತ್ತು ಒರೆಸಿಕೊಂಡು ನನ್ನ ಕಡೆ ಕೈ ತೋರಿಸಿದರು.

“ಡಮ್ಮಿ ವಿಷ್ಯ ನಂಗೇನೂ ಗೊತ್ತಿಲ್ಲ ಸಾರ್. ಎಲ್ಲ ಈಯಮ್ಮಂದೇ. ಎಲ್ಲಿಂದ ತಂದ್ರೋ, ಏನ್ ಮಾಡಿದ್ರೋ, ಇವ್ರನ್ನೇ ಕೇಳಿ.”

ಎಲ್ಲರೂ ನನ್ನತ್ತ ತಿರುಗಿದರು. ಅಷ್ಟು ದಿನದಲ್ಲಿ ಆ ಕೇಕಿಗೂ ನನಗೂ ಸಂಬಂಧವಿದೆಯೆಂದು ಒಬ್ಬರು ಒಪ್ಪಿಕೊಂಡದ್ದು ಅದೇ ಮೊದಲು. ಭಯವಾಯಿತು, ಕೆಲಸ ಹೋದರೆ ಮನೆ ಬಾಡಿಗೆ ಕಟ್ಟುವುದು ಹೇಗೆಂಬ ಯೋಚನೆಯೂ ಬಂತು. ಆದರೆ ಎದುರಿಗಿದ್ದ ಮೂವರನ್ನೂ ಒಟ್ಟಿಗೆ ನೋಡಿದಾಗ ಭಯಕ್ಕಿಂತ ಹೇಸಿಗೆ ಹೆಚ್ಚಾಯಿತು. ಗಾಳಿಯ ಮಾಲು ಎಂದು ಜರೆದು ಕಸಕ್ಕೆಸೆದವನು ಈಗ ಅದರ ಒಡೆಯ. ಅದೇ ಗಿಳಿ ಬೇಕೆಂದು ಕೇಳಿದವನಿಗೆ ಈಗ ಗಿಳಿ ಮೈಲಿಗೆ. ಮಾರಿದವನಿಗೆ ಏನೂ ಗೊತ್ತಿಲ್ಲ.

“ಸರಿ, ನನ್ನದೇ,” ಎಂದೆ. “ನನ್ನದಾದ್ರೆ ನಾನು ತಗೊಂಡು ಹೋಗ್ತೀನಿ.”

ಸ್ಟೇಜು ಹತ್ತಿದೆ. ಮೇಲಿನ ಅಂತಸ್ತನ್ನು ಎತ್ತಿ ಕೆಳಗಿಟ್ಟೆ. ಅದರ ಕೆಳಗಿನದು, ಅದರ ಕೆಳಗಿನದು. ಡಮ್ಮಿಗಳಿಗೆ ತೂಕವಿಲ್ಲ, ಸುಲಭವಾಗಿ ಬಂದವು. ವೀಡಿಯೊದವನು ಏನಾಗುತ್ತಿದೆಯೆಂದು ತಿಳಿಯದೆ ಅದನ್ನೂ ಹಿಡಿಯುತ್ತಿದ್ದ. ಐದನ್ನೂ ಇಳಿಸಿದ ಮೇಲೆ ಮೇಜಿನ ಮೇಲೆ ಉಳಿದದ್ದು ನಿಜವಾದ ಕೇಕು. ಚಪ್ಪಟೆಗೆ, ನಡುವೆ ಹಲಗೆ ಕೂತಿದ್ದ ಗುರುತಿನೊಂದಿಗೆ, ಮೂರ್ತಿ ತೆಗೆದ ಪೀಠದ ಹಾಗೆ ಬೋಳಾಗಿ ಕೂತಿತ್ತು.

“ತಿನ್ನೋದು ಇದು. ಇದು ಹೊಸದು, ಮೊಟ್ಟೆ ಹಾಕಿಲ್ಲ, ನಿನ್ನೆ ಮಾಡಿದ್ದು. ಇದಕ್ಕೆ ಮಾತ್ರ ತೂಕದ ಲೆಕ್ಕದಲ್ಲಿ ಬೇಕರಿಯವರಿಗೆ ಕೊಡಿ. ಮಿಕ್ಕಿದ್ದಕ್ಕೆ ಏನೂ ಬೇಡ.”

ಆಗ ನೋಡಬೇಕಿತ್ತು. ಹಣ ಕೊಡಲ್ಲ ಎಂದವರಿಗೆ ಹಣ ಉಳಿಯಿತು, ಎಂಜಲು ಹೋಯಿತು, ಎಲ್ಲ ಸರಿಹೋಗಬೇಕಿತ್ತು. ಆದರೆ ಸಾಲಿನಲ್ಲಿ ನಿಂತ ಜನ ಕತ್ತು ಉದ್ದ ಮಾಡಿ ಆ ಕುಳ್ಳು ಕೇಕನ್ನು ನೋಡುತ್ತಿದ್ದರು. ಹಿಂದಿನಿಂದ ಯಾರೋ ನಕ್ಕರು. ಕಂಟ್ರಾಕ್ಟರ ಮುಖದಲ್ಲಿ ಸಿಟ್ಟು ಇಳಿದು ಸಣ್ಣದೊಂದು ಸಂತೋಷ ಹತ್ತುತ್ತಿತ್ತು. ಐದು ಎಲ್ಲಿ, ಒಂದು ಎಲ್ಲಿ! ಮಿಲ್ಲಿನವರು ಅದನ್ನು ಕಂಡರು.

ಮೊದಲು ಮಾತಾಡಿದ್ದು ಮದುವಣಗಿತ್ತಿ. ಬಗ್ಗಿಸಿದ ತಲೆಯನ್ನು ಎತ್ತದೆ, ತುಟಿ ಅಲುಗಿಸಿ, “ಅಪ್ಪಾ, ವಾಪಸ್ ಇಡ್ಸಪ್ಪ. ನನ್ ಫ್ರೆಂಡ್ಸೆಲ್ಲ ನೋಡ್ತಾವ್ರೆ,” ಎಂದಳು.

ಮಿಲ್ಲಿನವರು ನನ್ನ ಹತ್ತಿರ ಬಂದು ದನಿ ತಗ್ಗಿಸಿದರು. “ಇಡಮ್ಮ. ಆಗಿದ್ದಾಯ್ತು.”

“ನಿಮ್ಮ ತಾಯಿಯವರು ಎಂಜಲು ಅಂದ್ರು.”

“ವಯಸ್ಸಾಗದೆ, ಏನೋ ಅಂತಾರೆ. ಇಡು. ಎಷ್ಟು ಹೇಳು.”

ಮಾಲೀಕರು ತಟ್ಟನೆ ಮುಂದೆ ಬಂದು, “ಮೊದ್ಲು ಮಾತಾಡಿದ್ದೇ ಇರ್ಲಿ ಸಾರ್, ಕೆ.ಜಿ. ಲೆಕ್ಕ...” ಎಂದರು.

“ನೀವ್ ಸುಮ್ನಿರಿ ಸಾರ್. ನಿಮಗೇನೂ ಗೊತ್ತಿಲ್ಲ,” ಎಂದೆ. ಮಿಲ್ಲಿನವರ ಕಡೆ ತಿರುಗಿ, “ಒಂದು ಅಂತಸ್ತಿಗೆ ಇನ್ನೂರೈವತ್ತು. ಬಾಡಿಗೆ. ದೊಡ್ಡದು ಚಿಕ್ಕದು ಹಳೇದು ಹೊಸದು ಎಲ್ಲ ಒಂದೇ. ಆಮೇಲೆ ನಾನು ತಗೊಂಡು ಹೋಗ್ತೀನಿ,” ಎಂದೆ.

“ಯಾವ್ ಲೆಕ್ಕುದಲ್ಲಿ?”

ಯಾವ ಲೆಕ್ಕವೆಂದು ನನಗೂ ಗೊತ್ತಿರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದ್ದೆ. ಸಕ್ಕರೆಯ ಲೆಕ್ಕವಲ್ಲ, ವಾರದ ದುಡಿಮೆಯ ಲೆಕ್ಕವೂ ಅಲ್ಲ. ನನ್ನ ಸಿಟ್ಟಿಗೆ ಅಷ್ಟು ಸಾಕು ಎನ್ನಿಸಿದ ಲೆಕ್ಕ. ಒಂದು ಡಮ್ಮಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡೆ. ಅವರು ಜೇಬಿಗೆ ಕೈ ಹಾಕಿದರು.

ಮತ್ತೆ ಜೋಡಿಸಿದೆ. ಚಾಕು ಇಳಿಯಿತು, ಚಪ್ಪಾಳೆ ಬಿತ್ತು. ಕಂಟ್ರಾಕ್ಟರು ಚಪ್ಪಾಳೆ ತಟ್ಟಲಿಲ್ಲ. ಎಂಜಲೆಂದ ಮುದುಕಿ ಕೇಕಿನ ಎದುರು ನಿಂತು ಎರಡು ಫೋಟೋ ತೆಗೆಸಿಕೊಂಡರು. ನಾನು ಇಳಿಸಲು ಹೋದಾಗ ಮಿಲ್ಲಿನವರ ಹೆಂಡತಿ ಸೆರಗು ಸರಿಮಾಡಿಕೊಳ್ಳುತ್ತ ಬಂದರು. “ಇವತ್ತು ತಗೀಬ್ಯಾಡ ಕಣಮ್ಮ. ನಾಳೆ ಮುಹೂರ್ತುಕ್ಕೆ ತಲಕಾಡು ಕಡೆಯೋರೆಲ್ಲ ಬತ್ತಾರೆ. ಅವ್ರೂ ನೋಡ್ಲಿ.”

“ನಾಳೆಗೆ ನಾಳೆ ಬಾಡಿಗೆ,” ಎಂದೆ. ಕೊಟ್ಟರು.

ವ್ಯಾನಿನ ಹತ್ತಿರ ಮಾಲೀಕರು ಕೈ ನೀಡಿದರು. “ಕೊಡು ಇಲ್ಲಿ. ಸಕ್ಕರೆ ಯಾರ್ದು?”

“ಸಕ್ಕರೆ ದುಡ್ಡು ನನ್ನ ಸಂಬಳದಲ್ಲಿ ಹಿಡ್ಕೊಳ್ಳಿ ಸಾರ್. ಡಮ್ಮಿ ವಿಷ್ಯ ನಿಮಗೆ ಗೊತ್ತಿಲ್ಲ ಅಂತ ಛತ್ರದ ಜನರೆಲ್ಲ ಕೇಳಿಸ್ಕೊಂಡಿದ್ದಾರೆ.”

“ನಾಳೆಯಿಂದ ಬರ್ಬ್ಯಾಡ ಹಂಗಾದ್ರೆ.”

“ನಾಳೆ ನನಗೂ ಆಗಲ್ಲ. ನರಸೀಪುರದಲ್ಲಿ ಕೆಲಸ ಇದೆ,” ಎಂದೆ. ವ್ಯಾನಿನಲ್ಲಿ ಊರು ಸೇರುವಷ್ಟರಲ್ಲಿ ಡ್ರೈವರು ಎರಡು ಸಲ ಕನ್ನಡಿಯಲ್ಲಿ ನನ್ನ ಮುಖ ನೋಡಿದ. ಕ್ಷಮೆ ಕೇಳಬೇಕೋ ಬೇಡವೋ ಎಂದು ಅವನಿಗೆ ಹೊಳೆಯುತ್ತಿರಲಿಲ್ಲ. ನನಗೂ ಹೊಳೆಯುತ್ತಿರಲಿಲ್ಲ.

ಮರುದಿನ ಮಧ್ಯಾಹ್ನ ಮದುವೆಯೂಟ ಮುಗಿಯುವ ಹೊತ್ತಿಗೆ ಬಸ್ಸಿನಲ್ಲಿ ಹೋದೆ. ಮಕ್ಕಳು ತಮ್ಮ ಕೈಗೆಟುಕುವಷ್ಟು ಎತ್ತರದವರೆಗೆ ಸಕ್ಕರೆ ಕೆರೆದು ತಿಂದಿದ್ದರು. ಕೆಳಗಿನ ಡಮ್ಮಿ ಅರ್ಧ ಬೋಳು. ಮೇಲಿನ ನಾಲ್ಕು ಹಾಗೇ ಇದ್ದವು. ಕೆರೆದದ್ದಕ್ಕೂ ದುಡ್ಡು ಕೇಳೋಣವೇ ಎಂದುಕೊಂಡೆ. ಆ ಮನೆಯವರ ಮುಖ ಇನ್ನೊಮ್ಮೆ ನೋಡುವ ತಾಳ್ಮೆ ಉಳಿದಿರಲಿಲ್ಲ. ಹಳೆಯ ಸೀರೆಯಲ್ಲಿ ಐದನ್ನೂ ಎರಡು ಗಂಟು ಕಟ್ಟಿ ಬಸ್ ಸ್ಟ್ಯಾಂಡಿಗೆ ನಡೆದೆ.

ನಂಜನಗೂಡಿನ ಬಸ್ಸು ಅರ್ಧ ಖಾಲಿ. ಮೂರು ಜನರ ಸೀಟಿನಲ್ಲಿ ಕಿಟಕಿಯ ಪಕ್ಕ ನಾನು, ಪಕ್ಕದಲ್ಲಿ ಎರಡು ಗಂಟು. ಕಂಡಕ್ಟರು ಬಂದು ನಿಂತ.

“ಏನಮ್ಮ ಅವು?”

“ಥರ್ಮೋಕೋಲು. ತೂಕ ಏನಿಲ್ಲ, ಬೇಕಾದ್ರೆ ಎತ್ತಿ ನೋಡಿ.”

ಅವನು ಎತ್ತಿ ನೋಡಲಿಲ್ಲ. ಏನಕ್ಕೆಂದು ಕೇಳಲಿಲ್ಲ. ಬೆರಳಿಗೆ ಉಗುಳು ಹಚ್ಚಿ ಟಿಕೆಟಿನ ಕಟ್ಟು ತಿರುವಿದ. “ತೂಕ ಯಾರ್ ಕೇಳುದ್ರು? ಎಲ್ಡು ಸೀಟು ಇಡ್ಕಂಡು ಕುಂತವಲ್ಲ. ಜಾಗುಕ್ಕೆ ಕಣಮ್ಮ ಚಾರ್ಜು.”

ನಾನು ಅವನ ಮುಖವನ್ನೇ ನೋಡಿದೆ. ಆ ಬೇಸಿಗೆಯಿಡೀ ಎಷ್ಟು ಜನ ಎಷ್ಟು ರೀತಿಯಲ್ಲಿ ಆ ಥರ್ಮೋಕೋಲಿಗೆ ಬೆಲೆ ಕಟ್ಟಿದ್ದರು. ಅದು ನಿಜವಾಗಿ ಹಿಡಿದ ಜಾಗಕ್ಕೆ ಬೆಲೆ ಹೇಳಿದವನು ಇವನೊಬ್ಬನೇ. ಚೌಕಾಸಿ ಮಾಡದೆ ಕೊಟ್ಟೆ.